ಮೋಸಂಬಿ ಸಿಪ್ಪೆಯ ನೀರು

ಕೋಲ್ಕತ್ತಕ್ಕೆ ಬಂದು ಎರಡು ತಿಂಗಳಾಗಿತ್ತು. ಮೇ ತಿಂಗಳ ಒಂದು ಮಧ್ಯಾಹ್ನ ನನ್ನ ಅಡುಗೆಮನೆಯಲ್ಲಿ ಢಮ್ ಎಂದಿತು. ಓಡಿಹೋಗಿ ನೋಡಿದರೆ ಗೋಡೆ, ಒಲೆ, ಕಿಟಕಿ ಎಲ್ಲದರ ಮೇಲೂ ಕಂದು ರಸ. ಕೆಳಗೆ ಆಗಲೇ ಜನ ಸೇರಿ "ಬೋಮಾ! ಬೋಮಾ!" ಎಂದು ಕೂಗುತ್ತಿದ್ದರು. ಬೋಮಾ ಎಂದರೆ ಬಾಂಬು. ನಮ್ಮ ಧಾರವಾಡದಲ್ಲಾದರೆ ಕುಕ್ಕರ್ ಹಾರಿತು ಎನ್ನುತ್ತಿದ್ದರು.

ಸಿಡಿದದ್ದು ಮೋಸಂಬಿ ಸಿಪ್ಪೆಯ ಬಾಟಲಿ. ಲೇಕ್ ಮಾರ್ಕೆಟ್ ಹಿಂದೆ ನಾನಿದ್ದ ಹಳೆಯ ಕಟ್ಟಡದಲ್ಲಿ ಎಲ್ಲರೂ ಬಚ್ಚಲಿಗೆ ಆಸಿಡ್ ಸುರಿದು ತೊಳೆಯುತ್ತಿದ್ದರು. ಉಬ್ಬಸದವಳಾದ ನನಗೆ ಆ ಹೊಗೆಗೆ ಎದೆ ಕಟ್ಟುತ್ತಿತ್ತು. ಅವ್ವ ಫೋನಿನಲ್ಲಿ ಹೇಳಿದಂತೆ ಜ್ಯೂಸ್ ಅಂಗಡಿಯಿಂದ ಸಿಪ್ಪೆ ತಂದು, ಬೆಲ್ಲ, ನೀರು ಬೆರೆಸಿ ಹುಳಿಯಲು ಇಟ್ಟಿದ್ದೆ. ಮೂರು ತಿಂಗಳಿಗೆ ಅದು ಕರೆ ತೆಗೆಯುವ ನೀರಾಗುತ್ತದೆ. "ದಿನಾ ಒಂದ್ಸಲ ಮುಚ್ಚಳ ಸಡ್ಲ ಮಾಡಿ ಗಾಳಿ ಬಿಡವಾ," ಎಂದಿದ್ದಳು. ಧಾರವಾಡದ ಹವೆಗೆ ಅಷ್ಟು ಸಾಕು. ಇಲ್ಲಿಯ ಸೆಕೆಗೆ ಸಾಲಲಿಲ್ಲ.

ಒರೆಸುವ ಬಟ್ಟೆ ಹಿಡಿದು ಮೊದಲು ಬಂದವಳು ಪಕ್ಕದ ಮನೆಯ ಶಂಪಾ ಬೌದಿ. ಬೌದಿ ಎಂದರೆ ಅತ್ತಿಗೆ. ಇಲ್ಲಿ ನೆರೆಮನೆಯ ಗೃಹಿಣಿಯನ್ನು ಹಾಗೇ ಕರೆಯಬೇಕು. ಗೋಡೆ ಒರೆಸುತ್ತಾ ಹಿಂದಿಯಲ್ಲಿ ಕೇಳಿದಳು:

"ಇದು ಮೈಮೇಲೆ ಬಿದ್ದರೆ ಸುಡುತ್ತಾ?"

"ಇಲ್ಲ. ಕಣ್ಣಿಗೆ ಬಿದ್ದರೆ ಉರಿಯುತ್ತೆ, ಅಷ್ಟೇ."

"ಹಾಗಾದರೆ ನನಗೂ ಕಲಿಸು."

ಆಕೆಯ ಗಂಡ ಪಾರ್ಕ್ ಸ್ಟ್ರೀಟಿನ ಆಫೀಸೊಂದರಲ್ಲಿದ್ದ. ಮೆಟ್ಟಿಲಲ್ಲಿ ಸಿಕ್ಕರೆ ನಗುತ್ತಾ ಕುಶಲ ಕೇಳುತ್ತಿದ್ದ. ನಮ್ಮ ನಡುವಿನ ಗೋಡೆ ಮಾತ್ರ ಬೇರೆ ಕಥೆ ಹೇಳುತ್ತಿತ್ತು: ತಟ್ಟೆ ಒಡೆಯುವ ಸದ್ದು, ತಲೆ ಗೋಡೆಗೆ ಬಡಿದ ಸದ್ದು, ಆಮೇಲೆ ಅಳು. ಮೊದಲ ಸಲ ಕೇಳಿದಾಗ ನಾನು ಟಿವಿ ಜೋರು ಮಾಡಿದೆ. ಅದನ್ನಿಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಸಿಪ್ಪೆ ಹಾಕಲು ಕುಳಿತ ದಿನ ಬೌದಿ ತಾನಾಗಿಯೇ ಹೇಳಿದಳು. "ಸಿಟ್ಟು ಬಂದಾಗಲೆಲ್ಲ ಬಚ್ಚಲಿನ ಆಸಿಡ್ ಬಾಟಲಿ ತಂದು ತೋರಿಸುತ್ತಾನೆ. ಈ ಮುಖ ಉಳಿಸೋದಿಲ್ಲ ಅಂತಾನೆ."

"ಎಸೆದುಬಿಡಿ, ಬೌದಿ."

"ಎರಡು ಸಲ ಎಸೆದೆ. ಎಸೆದದ್ದಕ್ಕೆ ಹೊಡೆದ, ಹೊಸದು ತಂದ. ಬಾಟಲಿ ಅಲ್ಲೇ ಇರಬೇಕು, ತುಂಬಿರಬೇಕು, ಬಚ್ಚಲೂ ಹೊಳೆಯಬೇಕು. ಆಗ ಅವನಿಗೆ ಅನುಮಾನ ಬರೋದಿಲ್ಲ."

ಪೊಲೀಸರಿಗೆ ಹೇಳೋಣವೆಂದೆ. ಬೇಡವೆಂದು ತಲೆ ಅಲ್ಲಾಡಿಸಿದಳು. ಆಗಸ್ಟಿನಲ್ಲಿ ನೀರು ಸಿದ್ಧವಾಯಿತು. ಅವನು ಕೆಲಸಕ್ಕೆ ಹೋದಾಗ ಆಸಿಡ್ ಖಾಲಿ ಮಾಡಿ, ಬಾಟಲಿ ತೊಳೆದು, ಸೋಸಿದ ಸಿಪ್ಪೆಯ ನೀರು ತುಂಬಿಡುವುದಾಗಿ ಹೇಳಿ ಹೋದಳು. ತುಂಬಿದಳೋ ಇಲ್ಲವೋ, ನಾನು ಕೇಳಲಿಲ್ಲ.

ದುರ್ಗಾ ಪೂಜೆಗೆ ಎರಡು ವಾರವಿತ್ತು. ಭಾನುವಾರ ಮಧ್ಯಾಹ್ನ, ಕಟ್ಟಡದ ಎಲ್ಲ ಮನೆಗಳಲ್ಲೂ ಗುಡಿಸಿ ತೊಳೆಯುವ ಗಲಾಟೆ. ಇದ್ದಕ್ಕಿದ್ದಂತೆ ಬೌದಿ ಕಿರುಚಿದಳು. ಆ ಕಿರುಚಾಟ ಹಿಂದಿನವುಗಳಂತಿರಲಿಲ್ಲ. ನಾನು ಓಡಿ ಅವರ ಬಾಗಿಲು ಒದ್ದೆ. ಚಿಲಕ ಹಾಕಿರಲಿಲ್ಲ. ಬಚ್ಚಲಲ್ಲಿ ಅವನು ಆಕೆಯ ಕೂದಲು ಹಿಡಿದು ನೆಲಕ್ಕೊತ್ತಿದ್ದ. ಆಕೆಯ ಬಲಗೈ ಮಣಿಕಟ್ಟಿನ ಬಳಿ ಸೊಟ್ಟಗಾಗಿತ್ತು. ಅವನು ತನ್ನ ಇನ್ನೊಂದು ಕೈಯಲ್ಲಿ ಬಾಟಲಿ ಹಿಡಿದು ಆಕೆಯ ಮುಖದ ಮೇಲೆ ಪೂರ್ತಿ ಬಗ್ಗಿಸುತ್ತಿದ್ದ.

ಯಾವ ಬಾಟಲಿ? ಅದರಲ್ಲಿದ್ದದ್ದು ಆಸಿಡ್ಡೋ, ನಮ್ಮ ನೀರೋ? ಆಮೇಲೆ ವಾಸನೆ ಬಂತು. ಹುಳಿ, ಬೆಲ್ಲ, ಮೋಸಂಬಿ.

ಅವನಿಗೂ ಬಂದಿರಬೇಕು. ಖಾಲಿ ಬಾಟಲಿಯನ್ನು ಮೂಸಿ ನೋಡಿದ. ಅಷ್ಟರಲ್ಲಿ ಬೌದಿ ಎಡಗೈಗೆ ಸಿಕ್ಕ ಕಬ್ಬಿಣದ ಬಕೆಟ್ಟನ್ನು ಅವನ ಮುಖಕ್ಕೆ ಬೀಸಿದಳು. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಇನ್ನೊಮ್ಮೆ ಬೀಸಿದಳು. ನಾನು ತಡೆಯಬಹುದಿತ್ತು, ತಡೆಯಲಿಲ್ಲ. ಅವನು ಬಿದ್ದ ಮೇಲೆ ಆಕೆಯ ಕಣ್ಣಿಗೆ ನೀರು ಸುರಿದು, ಎಬ್ಬಿಸಿ, ಹೊರಗೆ ಕರೆತಂದು ಬಾಗಿಲಿಗೆ ಅಗಳಿ ಹಾಕಿದೆ.

ಪೊಲೀಸ್ ಠಾಣೆಯಲ್ಲಿ ಅಧಿಕಾರಿ ನನ್ನ ಮಾತು ಕೇಳಿ ಹುಬ್ಬೇರಿಸಿದ. "ಫೋಲೇರ್ ರೋಶ್?" ಹಣ್ಣಿನ ರಸಕ್ಕೆಲ್ಲ ಕೇಸೇ ಎಂಬ ಧಾಟಿ.

ಪಟ್ಟಿ ಕಟ್ಟಿದ ಕೈಯನ್ನು ಬೌದಿ ಮೇಜಿನ ಮೇಲಿಟ್ಟಳು. "ರಸ ಅಂತ ನನಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ."

ಅಧಿಕಾರಿ ಪೆನ್ನು ಎತ್ತಿಕೊಂಡು ಬರೆದುಕೊಂಡ.

ಗಂಡ ಜೈಲು ಸೇರಿದ. ಮರುವಾರ ಮನೆಯ ಮಾಲೀಕರು ನನ್ನನ್ನು ಕರೆದರು. "ನೀವು ಹೊರಗಿನವರು. ನಮ್ಮ ಪಾಡಾದ ವಿಷಯದಲ್ಲಿ ತಲೆ ಹಾಕಬಾರದಿತ್ತು. ಮನೆ ಖಾಲಿ ಮಾಡಿ." ಪಾಡಾ ಎಂದರೆ ಓಣಿ. ನಾನೂ ಬೌದಿಯೂ ಸೇರಿ ಬೇರೆ ಓಣಿಯಲ್ಲಿ ಎರಡು ಕೋಣೆಯ ಮನೆ ಹಿಡಿದೆವು. ನಾನು ರೊಟ್ಟಿ ಬಡಿಯುತ್ತೇನೆ, ಆಕೆ ಮೀನು ಹುರಿಯುತ್ತಾಳೆ. ಸಾಸಿವೆ ಎಣ್ಣೆಯ ಘಾಟಿಗೆ ನನಗೆ ಇನ್ನೂ ಕೆಮ್ಮು ಬರುತ್ತದೆ.

"ಮಂದಿ ಮನಿ ಜಗಳ ನಿನಗ್ಯಾಕ ಬೇಕಿತ್ತು? ಬಂದುಬಿಡು," ಎಂದು ಅವ್ವ ಫೋನಿನಲ್ಲಿ ಅತ್ತಳು. ಚಳಿಗಾಲದ ರಜೆಗೆ ಧಾರವಾಡಕ್ಕೆ ಹೋದೆ. ಮೂರನೆಯ ಸಂಜೆ ಎದುರು ಮನೆಯಿಂದ ಏಟಿನ ಸದ್ದು ಬಂತು. ಚಿಕ್ಕಂದಿನಿಂದ ಕೇಳುತ್ತಾ ಬಂದ ಸದ್ದೇ ಅದು. ಮೊದಲ ಬಾರಿಗೆ ಎದ್ದು ನಿಂತೆ. ಅವ್ವ ಕೈ ಹಿಡಿದಳು. "ಕುಂದರು. ಅದು ಅವರ ಮನಿ ವಿಷಯ."

ಕೈ ಬಿಡಿಸಿಕೊಂಡು ಹೋಗಿ ಕದ ಬಡಿದೆ. ಕಟ್ಟೆಯ ಮೇಲೆ ಕೂತಿದ್ದ, ನನ್ನನ್ನು ಎತ್ತಿ ಆಡಿಸಿದ್ದ ಸೀತವ್ವಜ್ಜಿ ಗದರಿದಳು: "ಏ ಕಲ್ಕತ್ತಾದಾಕಿ, ನಮ್ಮ ಊರಾಗ ಹಿಂಗೆಲ್ಲಾ ಮಾಡಂಗಿಲ್ಲ."

ಆ ಮಾತು ಎದೆಗೆ ನಾಟಿತು. ಆದರೂ ಬಡಿಯುತ್ತಲೇ ಇದ್ದೆ, ಒಳಗಿನಿಂದ ಯಾರೋ ಚಿಲಕ ತೆಗೆಯುವವರೆಗೆ.