ಗುಡ್ಡದ ನೆತ್ತಿಯ ಹೊನ್ನೆ ಬೀಜ

ಸಸಿಗಳನ್ನು ಎತ್ತರ ನೋಡಿ ಸಾಲಾಗಿ ನಿಲ್ಲಿಸುವುದಕ್ಕೆ ಡಿಗ್ರಿ ಬೇಕಿಲ್ಲ, ಒಂದು ಅಡಿಕೋಲಿದ್ದರೆ ಸಾಕು. ನಮ್ಮ ಸಾಹೇಬರ ಹತ್ತಿರ ಎರಡೂ ಇದ್ದವು. ಇಲ್ಲದ್ದು ಬುದ್ಧಿ ಮಾತ್ರ.

ಆಗ ನಾನು ಸಂಡೂರಿನ ಹತ್ತಿರದ ಒಂದು ನರ್ಸರಿಯಲ್ಲಿ ಮೇಸ್ತ್ರಿ. ಗಣಿಯಿಂದ ತೆಗೆದು ಸುರಿದ ಕೆಮ್ಮಣ್ಣಿನ ದಿಬ್ಬಗಳ ಮೇಲೆ ಮತ್ತೆ ಕಾಡು ಬೆಳೆಸುವುದು ನಮ್ಮ ಕೆಲಸ. ಬೀಜ ಆರಿಸಿ ತರುತ್ತಿದ್ದವಳು ಪಕ್ಕದ ವಡ್ಡು ಎಂಬ ಊರಿನ ಒಬ್ಬ ಮುದುಕಿ. ಆ ವರ್ಷ ಹೊನ್ನೆ ಬೀಜದ ಗಂಟು ಕೊಡುವಾಗ ಹೇಳಿದಳು:

"ಇವು ಗುಡ್ಡದ ನೆತ್ತಿ ಮ್ಯಾಲಿನವು ಯಪ್ಪಾ. ಗಣಿ ಸಲುವಾಗಿ ಆ ಗಿಡಕ್ಕೆಲ್ಲ ನಂಬರ್ ಹಾಕ್ಯಾರ, ಮಳಿಗಾಲದೊಳಗ ಕಡಿತಾರಂತ. ಇನ್ನ ಈ ಬೀಜ ಸಿಗಂಗಿಲ್ಲ. ಜ್ವಾಕಿ."

ಆ ನೆತ್ತಿಯ ಮೇಲೆ ಕಲ್ಲೇ ಹೆಚ್ಚು. ಬಿಸಿಲು ಸುಡುತ್ತದೆಂದು ಮರ ಎದ್ದು ನೆರಳಿಗೆ ಹೋಗುವುದಿಲ್ಲ. ತಡೆಯಲಾರದ ಸಸಿ ಸಾಯುತ್ತದೆ, ತಡೆದದ್ದು ಬೆಳೆದು ಬೀಜ ಬಿಡುತ್ತದೆ. ಎಷ್ಟೋ ತಲೆಮಾರು ಹೀಗೆ ಸೋಸಿ ಉಳಿದ ಬೀಜಕ್ಕೆ ಯಾರೂ ಹೇಳಿಕೊಡಬೇಕಿಲ್ಲ, ಮೊದಲು ಬೇರು ಇಳಿಸುತ್ತದೆ, ಎಲೆಯ ಮಾತು ಆಮೇಲೆ. ಓದಿದವರು ವಂಶವಾಹಿ ಗುಣ ಎನ್ನುವುದು ಇದನ್ನೇ. ಬೇಸಿಗೆ ವರ್ಷ ವರ್ಷ ಉದ್ದವಾಗುತ್ತಿರುವಾಗ ನಮಗೆ ಬೇಕಿದ್ದದ್ದೂ ಅದೇ. ಸಾಹೇಬರೂ ಓದಿದವರೇ, ಪರೀಕ್ಷೆಗೆ ಮಾತ್ರ.

ಅವರು ಮಳೆ ಹೆಚ್ಚಿರುವ ಸೀಮೆಯಿಂದ ಮೂಟೆಗಟ್ಟಲೆ ಹೊನ್ನೆ ಬೀಜ ತರಿಸಿದರು. "ಹೊನ್ನೆ ಅಂದ್ರೆ ಹೊನ್ನೆ ಕಣ್ರೀ, ಎಲ್ಲಿದಾದ್ರೇನು?" ಎಂದರು. ಅವು ಬೇಗ ಮೊಣಕಾಲುದ್ದ ಬೆಳೆದವು. ಮುದುಕಿ ಕೊಟ್ಟ ಬೀಜದ ಸಸಿಗಳು ಗೇಣುದ್ದ ದಾಟಲಿಲ್ಲ, ಆದರೆ ಅವುಗಳ ಬೇರು ಚೀಲ ಹರಿದು ನೆಲಕ್ಕಿಳಿದಿತ್ತು. ಹೊಸಪೇಟೆಯಿಂದ ದೊಡ್ಡವರು ನೋಡಲು ಬರುವ ಹಿಂದಿನ ದಿನ ಸಾಹೇಬರು ಅಡಿಕೋಲು ಹಿಡಿದು ಬಂದರು.

"ಈ ಗಿಡ್ಡವೆಲ್ಲ ತೆಗೆಸ್ರೀ. ಫೋಟೋದಲ್ಲಿ ಅಸಹ್ಯವಾಗಿ ಕಾಣತ್ತೆ."

"ಆತ್ರಿ ಸಾರ್" ಅಂದೆ.

ಸಾಹೇಬರನ್ನು ಬೈಯುವುದು ಸುಲಭ, ಇಷ್ಟು ವರ್ಷ ಹೋಟೆಲಲ್ಲಿ ಕೂತು ಬೈದಿದ್ದೇನೆ. ಅವರಿಗಾದರೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನೆತ್ತಿಯ ಆ ಮರಗಳನ್ನು ಅಷ್ಟರಲ್ಲಿ ಕಡಿದಾಗಿತ್ತು, ಇವೇ ಕೊನೆಯವು. ಒಂದು ಸಾಲನ್ನು ಗೋಡೆಯ ಹಿಂದೆ ಬಚ್ಚಿಡಬಹುದಿತ್ತು. ಅಷ್ಟೂ ಮಾಡದೆ ಎಲ್ಲವನ್ನೂ ಕೀಳಿಸಿ ಗುಂಡಿಗೆ ಹಾಕಿಸಿದೆ. ಸಂಬಳಕ್ಕೆ ಹೆದರಿದ ನನ್ನಂಥ ಹೇಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಫೋಟೋದ ಸಸಿಗಳು ದಿಬ್ಬದ ಮೇಲೆ ಎರಡನೇ ಬೇಸಿಗೆಗೆ ಕಡ್ಡಿಯಾದವು. ಸಾಹೇಬರು ಅಷ್ಟರಲ್ಲಿ ಬಡ್ತಿಯ ಮೇಲೆ ಹೋಗಿದ್ದರು. ಹೊಸಬರು ಇಲ್ಲಿಯದೇ ಬೀಜ ಬೇಕೆಂದರು. ನಾಚಿಕೆ ಬಿಟ್ಟು ವಡ್ಡಿಗೆ ಹೋದೆ. ಮುದುಕಿ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು.

"ಆ ನೆತ್ತಿ ಹೊನ್ನಿ ಬೀಜ ಒಂದೀಟು ಎಲ್ಲಾರ ಉಳದಾವೇನಬೇ?"

"ಬೀಜ ಯಾಕ ಯಪ್ಪಾ? ನಿನ್ನ ಹತ್ರ ಗಿಡಾನ ಅದಾವಲ್ಲ" ಎಂದು ಮಡಿಲ ಸಿಪ್ಪೆ ಕೊಡವಿದಳು. "ಎಷ್ಟುದ್ದ ಆಗ್ಯಾವ ನೋಡಬೇಕಂತ ಭಾಳ ದಿನದಿಂದ ಅನ್ಕೊಂತಿದ್ದೆ. ತಡಿ, ನಿನ್ನ ಕೂಡ ಬರ್ತೀನಿ."

ಚಪ್ಪಲಿ ಮೆಟ್ಟಿ ಎದ್ದು ನಿಂತೇಬಿಟ್ಟಳು.