ನನ್ನ ಪುಸ್ತಕದ ವಿರುದ್ಧ ನಾನು ಹೇಳಿದ ಸಾಕ್ಷಿ

ನನ್ನ ಪುಸ್ತಕದಲ್ಲಿ ಒಂದು ತಪ್ಪಿತ್ತು. ಪ್ರಿಂಟಿಂಗ್ ಮಿಸ್ಟೇಕ್ ಅಲ್ಲ; ನಾನು ಹುಟ್ಟಿ ಬೆಳೆದ ಮನೆಯಿಂದಲೇ ಬಂದ ತಪ್ಪು.

ನಂಜನಗೂಡಿನಲ್ಲಿ ನಮ್ಮದು ಪೌರೋಹಿತ್ಯದ ಮನೆ. ಬೆಳಿಗ್ಗೆ ಅಪ್ಪನ ಮಂತ್ರ, ಆಮೇಲೆ ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಪ್ರೇಯರ್; ಎರಡೂ ಬಾಯಿಪಾಠ. ಹಾಗಾಗಿ ಲಾ ಓದಿ ಮೇಷ್ಟ್ರಾದ ಮೇಲೆ, ಧರ್ಮ ಮತ್ತು ಕಾನೂನನ್ನು ಜೊತೆಗಿಟ್ಟು ಓದುವುದು ನನಗೆ ಹೊಸ ಸಬ್ಜೆಕ್ಟ್ ಅನ್ನಿಸಲೇ ಇಲ್ಲ. ಹಲವು ದೇಶಗಳ ಮದುವೆಗಳ ಬಗ್ಗೆ ಪುಸ್ತಕ ಬರೆದೆ. ಯಹೂದಿಗಳ ಕರಾರುಪತ್ರ, ಮುಸ್ಲಿಮರ ನಿಕಾಹ್, ಜಪಾನಿನ ಕುಟುಂಬ ರಿಜಿಸ್ಟರ್, ಎಲ್ಲಕ್ಕೂ ಲೈಬ್ರರಿಗಳನ್ನು ಅಲೆದೆ. ಹಿಂದೂ ಮದುವೆಯ ಚಾಪ್ಟರಿಗೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅದು ನಮ್ಮ ಮನೆಯದ್ದೇ ತಾನೆ. ಅಗ್ನಿಯ ಮುಂದೆ ಏಳು ಹೆಜ್ಜೆ ಇಡದೆ ಮದುವೆ ಪೂರ್ಣವಾಗದು ಎಂದು ಒಂದೇ ಸಾಲಿನಲ್ಲಿ ಮುಗಿಸಿದೆ. ಆಯಾ ಜನರ ಪದ್ಧತಿಯಂತೆ ನಡೆದರೂ ಸಾಕು ಎಂದು ಕಾನೂನಿನಲ್ಲೇ ಇದ್ದ ಮಾತನ್ನು ದಾಟಿಕೊಂಡು ಹೋಗಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಮಧ್ಯಾಹ್ನ, ಡಿಪಾರ್ಟ್‌ಮೆಂಟಿನ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕೈಯಲ್ಲಿ ನನ್ನ ಪುಸ್ತಕದ ಒಂದು ಪುಟದ ಜೆರಾಕ್ಸ್.

“ಮೇಡಮ್ನೋರೆ, ನಿಮ್ ಪುಸ್ತಕದಲ್ಲಿ ನಾನು ಎಂಡ್ತಿ ಅಲ್ವಂತೆ.”

ಆಕೆ ದೇವನೂರಿನವಳು, ತಿ. ನರಸೀಪುರದ ಕಡೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ, ಏಳು ಹೆಜ್ಜೆ ಇಟ್ಟಿಲ್ಲ, ನೀನು ಹೆಂಡತಿಯೇ ಅಲ್ಲ, ಮನೆ ಬಿಡು ಎಂದು ಮೈದುನ ಕೋರ್ಟಿಗೆ ಹೋಗಿದ್ದ. ಅವನ ಲಾಯರು ನನ್ನ ಆ ಸಾಲನ್ನು ಜಡ್ಜರ ಮುಂದಿಟ್ಟಿದ್ದರು.

ಮರುದಿನವೇ ಬಸ್ಸು ಹಿಡಿದು ದೇವನೂರಿಗೆ ಹೋದೆ. ಆ ಮದುವೆಯನ್ನು ಮುಂದೆ ನಿಂತು ನಡೆಸಿದ್ದ ಅವಳ ಸೋದರತ್ತೆ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಗಂಡುಹೆಣ್ಣಿನ ಕೈ ಮೇಲೆ ಯಾರ್ಯಾರು ಹಾಲು ಹುಯ್ದು ಧಾರೆ ಎರೆದರು ಎಂದು ಒಬ್ಬೊಬ್ಬರನ್ನೇ ನೆನೆದು ಹೇಳಿದರು. ಬೆಂಕಿ ಇತ್ತೇ ಎಂದು ಕೇಳಿದೆ.

“ಇರ್ದೆ ಇರ್ತದಾ? ಒಲೇಲಿ ಅಚ್ಚಿದ್ವಿ. ಬಂದೋರು ಅಸೀ ಅಕ್ಕಿ ತಿನ್ಬೇಕಿತ್ತಾ?” ನನ್ನ ಮುಖ ನೋಡಿ ಮೆತ್ತಗಾದರು. “ಕೈ ಮ್ಯಾಲೆ ಆಲು ಬಿತ್ತು ಅಂದ್ರೆ ಎಣ್ಣು ಅವ್ರ ಮನೇದು ಕಣ್ ತಾಯಿ. ನಮ್ ಅಜ್ಜೀರ್ ಕಾಲ್ದಿಂದ ಅಷ್ಟೇಯ.”

ಕೋರ್ಟಿಗೆ ಹೋಗುತ್ತೇನೆ ಎಂದಾಗ ನಮ್ಮ ಡಿಪಾರ್ಟ್‌ಮೆಂಟಿನ ಹೆಡ್ ತಮ್ಮ ಕನ್ನಡಕ ತೆಗೆದರು.

“ನೀವೇ ಬರೆದದ್ದು ತಪ್ಪು ಅಂತ ನೀವೇ ಹೇಳೋದಾ? ಮುಂದಿನ ತಿಂಗಳು ಪ್ರೊಫೆಸರ್ ಪೋಸ್ಟಿನ ಇಂಟರ್‌ವ್ಯೂ ಇದೆ, ನೆನಪಿರಲಿ. ಸೆಕೆಂಡ್ ಎಡಿಷನ್ನಲ್ಲಿ ಕ್ವಯಟ್ ಆಗಿ ತಿದ್ಕೊಳ್ಳಿ.”

“ಅಷ್ಟು ಹೊತ್ತಿಗೆ ಆಕೆ ಬೀದೀಲಿರ್ತಾಳೆ, ಸರ್.”

ತಿ. ನರಸೀಪುರದ ಕೋರ್ಟಿನಲ್ಲಿ ಕಟಕಟೆ ಹತ್ತಿ, ಆ ಪುಟ ತಪ್ಪು, ಬರೆದವಳು ನಾನೇ, ಅವರಲ್ಲಿ ಧಾರೆಯೇ ಮದುವೆ ಎಂದೆ. ಮೈದುನನ ಲಾಯರು ನಕ್ಕರು.

“ಆವತ್ತು ಅದು ಸರಿ, ಇವತ್ತು ಇದು ಸರಿ. ನಾಳೆ ಯಾವುದು ಮೇಡಂ?”

“ಆವತ್ತು ನಮ್ಮನೆ ಮಾತ್ರ ನೋಡಿದ್ದೆ. ಈಗ ಅವರ ಮನೇನೂ ನೋಡಿ ಬಂದಿದೀನಿ. ನೀವು ಹೋಗಿದ್ರಾ?”

ಸಾಕ್ಷಿ ಪ್ರಶ್ನೆ ಕೇಳುವಂತಿಲ್ಲ ಎಂದರು ಜಡ್ಜು. “ಸಾರಿ, ಯುವರ್ ಆನರ್,” ಅಂದೆ. ಮನಸ್ಸಿನಲ್ಲಿ ಸಾರಿ ಏನೂ ಇರಲಿಲ್ಲ.

ಇಂಟರ್‌ವ್ಯೂನಲ್ಲಿ ಒಬ್ಬರು ಆ ಸಾಕ್ಷಿಯ ಬಗ್ಗೆ ಬಿಟ್ಟು ಬೇರೇನೂ ಕೇಳಲಿಲ್ಲ. ಪೋಸ್ಟು ಸಿಗಲಿಲ್ಲ; ಪ್ರೊಫೆಸರಿಗಿಂತ ಒಂದು ಮೆಟ್ಟಿಲು ಕೆಳಗೆ, ರೀಡರ್ ಆಗಿಯೇ ರಿಟೈರ್ ಆದೆ. ಬೇಜಾರಿಲ್ಲ ಅಂದರೆ ಸುಳ್ಳು. ಬಾಗಿಲ ಮೇಲೆ ಪ್ರೊಫೆಸರ್ ಅನ್ನುವ ಬೋರ್ಡು ನನಗೂ ಬೇಕಿತ್ತು. ಆದರೆ ಈ ವಯಸ್ಸಿನಲ್ಲಿ ಮತ್ತೆ ಕರೆದರೂ ಅದೇ ಕಟಕಟೆ ಹತ್ತಿ ಅದನ್ನೇ ಹೇಳುತ್ತೇನೆ.

ತೀರ್ಪಿಗೆ ಎರಡು ವರ್ಷ ಹಿಡಿಯಿತು. ಆಕೆ ಕಾಯಿನ್ ಬೂತಿನಿಂದ ಫೋನ್ ಮಾಡಿದಳು. ಗೆದ್ದೆಯಲ್ಲಮ್ಮ, ಕಂಗ್ರಾಚುಲೇಷನ್ಸ್ ಅಂದೆ.

“ಗೆಲ್ಲಾದೇನ್ ಬಂತು ಮೇಡಮ್ನೋರೆ? ನಾನು ಮೊದ್ಲೂ ಎಂಡ್ತೀನೇ. ಕೋರ್ಟ್ನೋರು ಈಗ ಬರ್ಕೊಟ್ರು, ಅಷ್ಟೇಯ.”