ಎಡತೊಡೆಯ ಹೊಲಿಗೆ

ಟೈಲರ್ ಮಾಸ್ಟರ ಸುದ್ದಿ ನಾನು ಮೊದಲು ಕೇಳಿದ್ದು ನಾದಿನಿಯ ಬಾಯಲ್ಲಿ. ನಮ್ಮ ಯಜಮಾನರು ತೀರಿಕೊಂಡು ಮೂರು ತಿಂಗಳಾಗಿತ್ತು. "ಅತ್ತಿಗೆ, ಹೀಗೆ ಗೋಡೆ ನೋಡ್ಕೊಂಡು ಎಷ್ಟು ದಿನ ಕೂತಿರ್ತೀರಿ? ಬಸ್‌ಸ್ಟ್ಯಾಂಡ್ ಹಿಂದಿನ ಟೈಲರಿಗೆ ಕಾಜಾ ಹಾಕೋರು ಬೇಕಂತೆ. ಬಾಯಿ ಸ್ವಲ್ಪ ಜೋರು, ಮನುಷ್ಯ ಒಳ್ಳೇವ್ನು" ಅಂದಳು. ಮರುದಿನವೇ ಹೋದೆ. ಗುಂಡಿ, ಕಾಜಾ ಅಂತ ಒಂಬತ್ತು ವರ್ಷ ಕಳೆದದ್ದೇ ತಿಳಿಯಲಿಲ್ಲ. ಮಾಸ್ಟರ್ ನನಗಿಂತ ಚಿಕ್ಕವರು, ನನ್ನನ್ನು ಅಕ್ಕ ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಅವರು ತಮ್ಮದೇ ಪ್ಯಾಂಟಿನ ಎಡತೊಡೆಯ ಹೊಲಿಗೆ ಬಿಚ್ಚುತ್ತಿದ್ದರು. ಆ ವರ್ಷ ಅದು ಮೂರನೇ ಸಲ.

"ಏನ್ ಮಾಸ್ಟ್ರೇ, ತಿಂದಿದ್ದೆಲ್ಲಾ ಒಂದೇ ಕಾಲಿಗೆ ಹೋಗ್ತಿದ್ಯಾ?"

"ಪೆಡಲ್ ತುಳಿಯೋ ಕಾಲಲ್ವಾ ಅಕ್ಕ, ಪೈಲ್ವಾನ್ ಆಗಿದೆ. ನೋವಂತೂ ಇಲ್ಲ."

"ಎರಡೂ ಕಾಲು ಅಳೀರಿ ನೋಡೋಣ" ಅಂತ ಟೇಪು ಕೊಟ್ಟೆ. ಎಡತೊಡೆಯ ಸುತ್ತಳತೆ ಎರಡೂವರೆ ಇಂಚು ಹೆಚ್ಚಿತ್ತು. ಗಿರಾಕಿಯ ಮೈಯಲ್ಲಿ ಕಾಲಿಂಚು ವ್ಯತ್ಯಾಸವಿದ್ದರೂ ಕಣ್ಣಲ್ಲೇ ಹಿಡಿಯುವ ಮನುಷ್ಯ, ತನ್ನ ಮೈಗೆ ಮಾತ್ರ ಬಟ್ಟೆ ಸಡಿಲ ಮಾಡುತ್ತಾ ಕೂತಿದ್ದರು!

ಪಕ್ಕದ ಬೀದಿಯ ಡಾಕ್ಟರು "ಬರೀ ಕೊಬ್ಬಿನ ಗಂಟು, ಇಲ್ಲೇ ಕೊಯ್ದು ತೆಗೀತೀನಿ" ಅಂದರು. ಮಾಸ್ಟರ ಹೆಂಡತಿ ಒಪ್ಪದೆ ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದರು. ನಾನೂ ಹೋದೆ. ಸ್ಕ್ಯಾನ್ ಮಾಡಿದರು, ಸೂಜಿ ಹಾಕಿ ದಾರದಷ್ಟು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಅದು ಮಾಂಸದೊಳಗೆ ಬೆಳೆಯುವ ಅಪರೂಪದ ಕ್ಯಾನ್ಸರ್, ಸಾರ್ಕೋಮಾ ಅಂತ ಹೆಸರು.

"ಸದ್ಯ, ಅಲ್ಲಿ ಕೊಯ್ಸಿಕೊಳ್ಲಿಲ್ಲ. ಅರ್ಧಂಬರ್ಧ ಕೊಯ್ದಿದ್ರೆ ಸುತ್ತ ಹರಡಿಬಿಡ್ತಿತ್ತು" ಅಂದರು ದೊಡ್ಡಾಸ್ಪತ್ರೆಯ ಡಾಕ್ಟರಮ್ಮ.

ಮಾಸ್ಟರ್ ಕೇಳಿದ್ದು ಒಂದೇ. "ಕಾಲು ಉಳಿಯುತ್ತಾ ಡಾಕ್ಟ್ರೇ? ನನ್ನ ಅನ್ನ ಅದರಲ್ಲಿದೆ."

"ಪ್ರಯತ್ನ ಮಾಡ್ತೀವಿ. ಮೊದಲು ಐದು ವಾರ ರೇಡಿಯೇಷನ್. ಆಮೇಲೆ ಗಂಟಿನ ಸುತ್ತ ಒಳ್ಳೇ ಮಾಂಸಾನೂ ಸ್ವಲ್ಪ ಸೇರಿಸಿ ತೆಗೀಬೇಕು."

"ಅಂಚು ಬಿಟ್ಟು ಕತ್ತರಿಸ್ತೀರಿ ಅನ್ನಿ. ಜಿಪುಣತನ ಮಾಡ್ಬೇಡಿ ತಾಯಿ, ಬಟ್ಟೆ ನಂದು!"

ಡಾಕ್ಟರಮ್ಮ ಕನ್ನಡಕ ತೆಗೆದು ನಕ್ಕರು.

ಆಪರೇಷನ್ ದಿನ ನಾನು ಅಂಗಡಿಯಲ್ಲಿದ್ದೆ. ಒಂದು ಗುಂಡಿಯನ್ನೂ ನೆಟ್ಟಗೆ ಹಚ್ಚಲಾಗಲಿಲ್ಲ. ಸಂಜೆ ಅವರ ಹೆಂಡತಿ ಬೀದಿಯಿಂದಲೇ ಕೂಗಿದರು, "ಅಕ್ಕಾ, ಕಾಲಿದೆ!" ವಾರದ ಮೇಲೆ ರಿಪೋರ್ಟೂ ಬಂತು: ತೆಗೆದ ಮಾಂಸದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ. ಮಾಸ್ಟರ್ ಆಗಲೇ ಗಾಯದ ಹೊಲಿಗೆ ನೋಡಿ, "ಯಾರ್ರೀ ಇದನ್ನ ಹೊಲಿದಿದ್ದು? ನಮ್ಮಂಗಡೀಲಾಗಿದ್ರೆ ಬಿಚ್ಚಿಸ್ತಿದ್ದೆ" ಅಂತ ನರ್ಸುಗಳನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು.

ನಾಲ್ಕು ತಿಂಗಳಾದ ಮೇಲೆ ಕೋಲೂರಿಕೊಂಡು ಅಂಗಡಿಗೆ ಬಂದು ಮಿಷನ್ ಮುಂದೆ ಕೂತರು. ನಡೆಯುವ ಕಾಲಿಗೆ ತುಳಿಯುವ ಶಕ್ತಿ ಬಂದಿರಲಿಲ್ಲ. ಒಂದು ಗೇಣು ಹೊಲಿಯುವಷ್ಟರಲ್ಲಿ ನಡುಗಿ ನಿಂತಿತು. ಸೂಜಿ ಮೇಲೆತ್ತಿ ಬಟ್ಟೆ ಹೊರಗೆಳೆದರು. ಆಮೇಲೆ ಎದ್ದು ಕತ್ತರಿ ಹಿಡಿದು ಮೇಜಿನ ಹತ್ತಿರ ಹೋದರು. ಅವರು ನನ್ನನ್ನು ಕೇಳಿಕೊಂಡದ್ದು ಆವತ್ತೇ ಕೊನೆ. ಮರುದಿನದಿಂದ ಇವತ್ತಿನವರೆಗೂ ಬರೀ ಅಪ್ಪಣೆ. ಆವತ್ತು ಮಾತ್ರ ಮೇಜಿನ ಹತ್ತಿರ ನಿಂತು ಹೀಗೆ ಕೇಳಿದ್ದರು:

"ಅಕ್ಕ, ಕತ್ತರಿಸೋದು ನಾನು ನೋಡ್ಕೋತೀನಿ. ಮಿಷನ್ ಮೇಲೆ ನೀವು ಕೂತ್ಕೋತೀರಾ?"